ಬಾಶೆಟ್ಟಿಹಳ್ಳಿಯಲ್ಲಿ ಅಯಸ್ಕಾಂತದ ಎಣ್ಣೆ ಮಾಡಿದ್ದು

ಹೊಸಕೋಟೆಯ ಗಿರಾಕಿ ನಮ್ಮ ಸೀಲನ್ನು ಎರಡನೇ ಸಲ ವಾಪಸ್ ಕಳಿಸಿದ ದಿನ ನಮ್ಮ ಕಾರ್ಖಾನೆಯ ಯಜಮಾನರು ಅದನ್ನು ಮೇಜಿನ ಮೇಲಿಟ್ಟುಕೊಂಡು ತಿರುವಿ ತಿರುವಿ ನೋಡುತ್ತಿದ್ದರು. ಮೊಳದುದ್ದದ ಉಕ್ಕಿನ ಕೊಳವೆ, ಅದರ ನಡುವೆ ತಿರುಗುವ ಶಾಫ್ಟು, ಶಾಫ್ಟಿನ ಸುತ್ತ ಅಯಸ್ಕಾಂತದ ಬಳೆಗಳು. ಬಳೆಗೂ ಶಾಫ್ಟಿಗೂ ನಡುವೆ ಕೂದಲೆಳೆಯಷ್ಟು ಸಂದು. ಆ ಸಂದಿನಲ್ಲಿ ನಾವು ಮಾಡಿದ ಕಪ್ಪು ಎಣ್ಣೆ ನಿಲ್ಲಬೇಕು. ಎಣ್ಣೆಯ ತುಂಬ ಕಣ್ಣಿಗೆ ಕಾಣದ ಅಯಸ್ಕಾಂತದ ಕಣಗಳಿರುವುದರಿಂದ ಬಳೆಗಳು ಅದನ್ನು ಅಲ್ಲಾಡದಂತೆ ಹಿಡಿದುಕೊಳ್ಳುತ್ತವೆ. ಶಾಫ್ಟು ತಿರುಗುತ್ತಿದ್ದರೂ ಹೊರಗಿನ ಗಾಳಿ ಒಳಗೆ ನುಗ್ಗುವುದಿಲ್ಲ. ಗಿರಾಕಿ ಮಾಡುತ್ತಿದ್ದದ್ದು ನಿರ್ವಾತದಲ್ಲಿ ಹರಳು ಬೆಳೆಸುವ ಕುಲುಮೆ. ಒಳಗೆ ಒಂದಿಷ್ಟು ಗಾಳಿ ಸೇರಿದರೂ ಹರಳು ಕೆಟ್ಟಂತೆಯೇ. ನಮ್ಮ ಸೀಲು ತಣ್ಣಗಿದ್ದಾಗ ಸರಿಯಾಗಿರುತ್ತಿತ್ತು, ಶಾಫ್ಟು ಬಿಸಿಯಾದ ಕೂಡಲೇ ಸೋರುತ್ತಿತ್ತು.

"ಇನ್ನೊಂದು ಸಲ ನೋಡ್ತೀವಿ ಅಂದಿದಾರೆ ಕಣಮ್ಮ. ಅದೇ ಕೊನೆ," ಅಂದರು ಯಜಮಾನರು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹೊರದೇಶದಿಂದ ಒಂದು ಸೀಲು ತರಿಸಬೇಕಾದರೆ ಪರವಾನಗಿಗೆ, ವಿದೇಶಿ ವಿನಿಮಯಕ್ಕೆ ಕಾಯುತ್ತ ಕೂರಬೇಕಾಗಿದ್ದ ಕಾಲ. ಅದಕ್ಕೇ ಗಿರಾಕಿಗಳು ನಮ್ಮಂಥ ಸಣ್ಣ ಕಾರ್ಖಾನೆಯ ಬಾಗಿಲಿಗೆ ಬರುತ್ತಿದ್ದರು. ನಮ್ಮದು ದೊಡ್ಡಬಳ್ಳಾಪುರದ ಪಕ್ಕ ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಶೆಡ್ಡು. ಯಜಮಾನರು ಯಂತ್ರಗಳನ್ನು ಬಲ್ಲ ಎಂಜಿನಿಯರು, ರಸಾಯನಶಾಸ್ತ್ರ ಓದಿದವಳು ನಾನೊಬ್ಬಳೇ. ದಿನಾ ಬೆಳಿಗ್ಗೆ ಅರಿಶಿನಕುಂಟೆಯಿಂದ ನೆಲಮಂಗಲಕ್ಕೆ ಬಂದು, ಅಲ್ಲಿಂದ ದೊಡ್ಡಬಳ್ಳಾಪುರದ ಬಸ್ಸು ಹಿಡಿಯುತ್ತಿದ್ದೆ.

ಅಯಸ್ಕಾಂತದ ಎಣ್ಣೆಯನ್ನು ಜಗತ್ತು ಮೊದಲು ಮಾಡಿದ್ದು ಅರೆದು. ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಕಪ್ಪು ಅದಿರಿನ ಪುಡಿ, ಸೀಮೆಎಣ್ಣೆ, ಓಲಿಯಿಕ್ ಆಮ್ಲವೆಂಬ ಜಿಡ್ಡಿನ ಆಮ್ಲ, ಇವನ್ನೆಲ್ಲ ಉಕ್ಕಿನ ಗುಂಡುಗಳ ಜೊತೆ ಡ್ರಮ್ಮಿಗೆ ತುಂಬಿ ವಾರಗಟ್ಟಲೆ ತಿರುಗಿಸುವುದು. ಗುಂಡುಗಳ ನಡುವೆ ಸಿಕ್ಕ ಕಣ ಒಡೆಯುತ್ತ ಒಡೆಯುತ್ತ, ಒಂದು ಮಿಲಿಮೀಟರನ್ನು ಲಕ್ಷ ಭಾಗ ಮಾಡಿದರೆ ಒಂದು ಭಾಗದಷ್ಟು ಸಣ್ಣದಾಗಬೇಕು. ಅಷ್ಟು ಸಣ್ಣದಾದರೆ ಮಾತ್ರ ಅದು ತಳ ಸೇರದೆ ಎಣ್ಣೆಯಲ್ಲಿ ತೇಲಿಕೊಂಡಿರುತ್ತದೆ. ನ್ಯಾನೋ ಎಂಬ ಮಾತು ಆಗ ನಮ್ಮ ಬಾಯಲ್ಲಿರಲಿಲ್ಲ, ಸಣ್ಣ ಕಣ ಅನ್ನುತ್ತಿದ್ದೆವು. ನಮ್ಮ ಶೆಡ್ಡಿನಲ್ಲೂ ಅಂಥದೊಂದು ಡ್ರಮ್ಮಿನ ಮಿಲ್ಲಿತ್ತು. ಅದನ್ನು ನಡೆಸುತ್ತಿದ್ದವರು ರಾಜಘಟ್ಟದ ಕಡೆಯ ಒಬ್ಬ ಆಪರೇಟರು. ನನಗಿಂತ ಹತ್ತಾರು ವರ್ಷ ಹಿರಿಯರು. ಊರಲ್ಲಿ ಅಣ್ಣತಮ್ಮಂದಿರ ಜೊತೆ ಸೇರಿ ದ್ರಾಕ್ಷಿ ತೋಟ ನೋಡಿಕೊಂಡು, ಇಲ್ಲಿ ಪಾಳಿ ಮಾಡುತ್ತಿದ್ದರು. ನಾನು ಅವರನ್ನು ಅಣ್ಣ ಅನ್ನುತ್ತಿದ್ದೆ, ಅವರು ನನ್ನನ್ನು ಮೇಡಂ ಅನ್ನುತ್ತಿದ್ದರು.

ಮಿಲ್ಲಿನ ತೊಂದರೆ ಏನೆಂದರೆ, ವಾರಗಟ್ಟಲೆ ಅರೆದರೂ ಬಹುಪಾಲು ಕಣ ದಪ್ಪವಾಗಿಯೇ ಉಳಿಯುತ್ತಿತ್ತು. ಅದನ್ನು ತಳಕ್ಕೆ ಇಳಿಸಿ, ಮೇಲಿನ ತಿಳಿಯನ್ನು ಮಾತ್ರ ತೆಗೆದುಕೊಳ್ಳುತ್ತಿದ್ದೆವು. ಆ ತಿಳಿಯಲ್ಲಿ ಕಣ ಕಡಿಮೆ, ಸೆಳೆತವೂ ಕಡಿಮೆ. ಗುಂಡುಗಳು ಸವೆದ ಚೂರೂ ಅದಕ್ಕೆ ಸೇರಿರುತ್ತಿತ್ತು. ಧ್ವನಿವರ್ಧಕದ ಸುರುಳಿ ಬಿಸಿಯಾಗದಿರಲೆಂದು ಈ ಎಣ್ಣೆ ಹಾಕುವ ಕಂಪನಿಗಳಿಗೆ ಅಷ್ಟೇ ಸಾಕಾಗಿತ್ತು. ಕುಲುಮೆಗೆ ಸಾಲುತ್ತಿರಲಿಲ್ಲ.

"ಅರೆಯೋದು ಬಿಟ್ಟು ನೀರಲ್ಲಿ ಬೆಳೆಸೋಣ ಸಾರ್," ಅಂದೆ ಯಜಮಾನರಿಗೆ. ಹೊರಗಿನ ಪ್ರಯೋಗಾಲಯಗಳು ಆಗಲೇ ಆ ದಾರಿ ಹಿಡಿದಿದ್ದವು. ದೊಡ್ಡದನ್ನು ಒಡೆದು ಸಣ್ಣದು ಮಾಡುವ ಬದಲು, ನೀರಿನಲ್ಲಿ ಕರಗಿದ ಕಬ್ಬಿಣದಿಂದಲೇ ಕಣ ಹುಟ್ಟಿಸಿ, ಅದು ದೊಡ್ಡದಾಗುವ ಮುಂಚೆ ನಿಲ್ಲಿಸುವುದು. ಎರಡು ಬಗೆಯ ಕಬ್ಬಿಣದ ಲವಣ ಬೇಕು. ಒಂದು ಹಸಿರು ಹರಳಿನ ಅನ್ನಭೇದಿ, ಇನ್ನೊಂದು ಹಳದಿಗೆಂಪು ಬಣ್ಣದ ಫೆರಿಕ್ ಕ್ಲೋರೈಡ್. ಎರಡನ್ನೂ ನೀರಿನಲ್ಲಿ ಕದಡಿ ಅಮೋನಿಯಾ ಸುರಿದರೆ ಕಪ್ಪು ಮ್ಯಾಗ್ನೆಟೈಟು ಒಂದೇ ಉಸಿರಿಗೆ ಹುಟ್ಟಿಬಿಡುತ್ತದೆ. ವಾರಗಳ ಕೆಲಸ ಅನ್ನ ಬೇಯುವಷ್ಟು ಹೊತ್ತಿನಲ್ಲಿ ಮುಗಿಯುತ್ತದೆ.

ಯಜಮಾನರು ಒಪ್ಪಿದರು, ಆದರೆ ಮಿಲ್ಲು ನಿಲ್ಲಿಸಕೂಡದು ಅಂದರು. ಹೊಸದು ಕೈಕೊಟ್ಟರೆ ಹಳೆಯದು ಇರಬೇಕಲ್ಲ.

ಆಪರೇಟರಿಗೆ ವಿಷಯ ತಿಳಿದಾಗ ಅವರು ಬಂದು ನನ್ನ ಮೇಜಿನ ಮೇಲಿದ್ದ ಹಸಿರು ಹರಳನ್ನು ಕೈಯಲ್ಲಿ ತಿರುವಿ ನೋಡಿದರು. "ಅನ್ನಭೇದಿ ಅಲ್ವಾ ಇದು? ದ್ರಾಕ್ಷಿ ಎಲೆ ಅರಿಶಿನಕ್ಕೆ ತಿರುಗಿದ್ರೆ ನಾವೂ ಹೊಡೀತೀವಿ. ಇದರಲ್ಲೇ ಮಾಡ್ಬಿಡ್ತೀರಾ?"

"ನೋಡೋಣ ಅಣ್ಣ."

"ಆಗ್ಬಿಟ್ರೆ ಮಿಲ್ಲು ಗುಜರಿಗೆ. ನಾನೂ ಅದರ ಜೊತೆಗೆ," ಅಂದರು. ನಗುತ್ತಲೇ ಅಂದರು, ಆದರೆ ಹರಳನ್ನು ಮೇಜಿನ ಮೇಲೆ ಇಟ್ಟ ರೀತಿಯಲ್ಲಿ ನಗು ಇರಲಿಲ್ಲ.

ಮೊದಲ ಸಲ ಅಮೋನಿಯಾ ಸುರಿದಾಗ ಕಪ್ಪು ಬರಲೇ ಇಲ್ಲ. ಪಾತ್ರೆಯ ತುಂಬ ಕೆಮ್ಮಣ್ಣಿನ ಬಣ್ಣದ ಗಸಿ. ಅಯಸ್ಕಾಂತ ಹಿಡಿದರೆ ಒಂದು ಚೂರೂ ಅಲ್ಲಾಡಲಿಲ್ಲ. ನಾನು ಮಾಡಿದ್ದು ಬರೀ ತುಕ್ಕು. ಅಮೋನಿಯಾದ ಘಾಟಿಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆಪರೇಟರು ಬಾಗಿಲಲ್ಲಿ ನಿಂತು ನೋಡಿ, ಮಿಲ್ಲಿನ ಕಡೆ ಹೋದರು.

ತಪ್ಪು ಗಾಳಿಯದು. ಅನ್ನಭೇದಿಯಲ್ಲಿರುವ ಕಬ್ಬಿಣ ಗಾಳಿ ತಾಕಿದರೆ ಇನ್ನೊಂದು ಬಗೆಗೆ ತಿರುಗಿಬಿಡುತ್ತದೆ. ಆಮೇಲೆ ಪಾತ್ರೆಯಲ್ಲಿ ಎರಡು ಬಗೆ ಉಳಿಯುವುದಿಲ್ಲ, ಮ್ಯಾಗ್ನೆಟೈಟು ಹುಟ್ಟುವುದಿಲ್ಲ. ನಮ್ಮ ಹರಳಿನ ಚೀಲ ತೆರೆದು ಬಹಳ ಕಾಲವಾಗಿತ್ತು, ಅಂಚೆಲ್ಲ ಕಂದಾಗಿತ್ತು. ಬೋರ್‌ವೆಲ್ ನೀರಿನ ಗಡಸು ಬೇರೆ. ಹೊಸ ಹರಳು ತರಿಸಿದೆ. ಬಟ್ಟಿ ಇಳಿಸಿದ ನೀರನ್ನೇ ಬಳಸಿದೆ, ಅದನ್ನೂ ಕುದಿಸಿ, ಒಳಗಿನ ಗಾಳಿ ಓಡಿಸಿ, ಮುಚ್ಚಳ ಹಾಕಿ ಆರಿಸಿದೆ. ಫೆರಿಕ್ ಎರಡು ಪಾಲು, ಅನ್ನಭೇದಿ ಒಂದು ಪಾಲು ಎಂಬ ಲೆಕ್ಕದಲ್ಲಿ ಅನ್ನಭೇದಿಯನ್ನು ತುಸು ಹೆಚ್ಚು ಹಾಕಿದೆ, ಗಾಳಿಗೆ ಹೋಗುವುದು ಹೋಗಲಿ ಎಂದು.

ಈ ಸಲ ಕಪ್ಪಾಯಿತು. ಆದರೆ ಸುರಿಯುವ ನಡುವೆ ಕರೆಂಟು ಹೋಯಿತು. ಕಲಕುವ ಮೋಟರು ನಿಂತು, ಅಮೋನಿಯಾ ಬಿದ್ದ ಜಾಗದಲ್ಲಷ್ಟೇ ಕಪ್ಪು ಗಂಟು, ಉಳಿದದ್ದೆಲ್ಲ ಹಾಗೇ. ಬಾಶೆಟ್ಟಿಹಳ್ಳಿಯಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳಬಲ್ಲವರಿರಲಿಲ್ಲ. ಮಾರನೆಯ ದಿನ ಕೈಯಲ್ಲೇ ಕಲಕುವುದೆಂದು ತೀರ್ಮಾನಿಸಿದೆ. ಆದರೆ ಒಬ್ಬಳೇ ಸುರಿದು, ಒಬ್ಬಳೇ ಕಲಕುವುದು ಆಗದ ಮಾತು. ಆಪರೇಟರನ್ನು ಕೇಳಿದೆ.

"ಮಿಲ್ಲಿನ ತಿಥಿಗೆ ನಾನೇ ಅಡಿಗೆ ಮಾಡಬೇಕಾ ಮೇಡಂ?" ಅಂದರು.

"ಮಾಡಲೇಬೇಕು ಅಂತಿಲ್ಲ ಅಣ್ಣ. ಆದ್ರೆ ನಿಮ್ಮನ್ನ ಬಿಟ್ರೆ ನನಗೆ ಇಲ್ಲಿ ಯಾರಿದಾರೆ?"

ಅವರು ಮರುದಿನ ಮನೆಯಿಂದ ಒಂದು ಹೊಸ ಮುದ್ದೆಕೋಲು ತಂದರು. ಮರದ್ದಾದ್ದರಿಂದ ಅಯಸ್ಕಾಂತದ ಕಣ ಅದಕ್ಕೆ ಅಂಟುವ ಭಯವಿರಲಿಲ್ಲ. ಅವರು ಒಂದೇ ಹದದಲ್ಲಿ ಕಲಕಿದರು, ನಾನು ಸುರಿದೆ. ಪಾತ್ರೆಯ ತುಂಬ ಗಂಟಿಲ್ಲದ, ಹೊಳೆಯುವ ಕಪ್ಪು. ಹೊರಗಿನಿಂದ ಅಯಸ್ಕಾಂತ ಹಿಡಿದರೆ ಅಷ್ಟೂ ಗಸಿ ಒಂದು ಕಡೆಗೆ ವಾಲಿತು. ಇಬ್ಬರೂ ಮುಖ ಮುಖ ನೋಡಿಕೊಂಡೆವು.

ಕಷ್ಟ ಮುಗಿಯಿತು ಅಂದುಕೊಂಡೆ. ಅಲ್ಲಿಂದ ಮುಂದೆಯೇ ನಿಜವಾದ ಕಷ್ಟ ಶುರುವಾದದ್ದು. ಆ ಕಪ್ಪನ್ನು ತೊಳೆದು, ಒಲೆಯಲ್ಲಿ ಒಣಗಿಸಿ, ಪುಡಿ ಮಾಡಿ, ಓಲಿಯಿಕ್ ಆಮ್ಲದೊಂದಿಗೆ ಸೀಮೆಎಣ್ಣೆಗೆ ಹಾಕಿ ಕದಡಿದೆ. ಒಂದು ಗಂಟೆ ಚೆನ್ನಾಗಿತ್ತು. ಊಟ ಮಾಡಿ ಬರುವಷ್ಟರಲ್ಲಿ ಪುಡಿಯೆಲ್ಲ ತಳದಲ್ಲಿ ಕೂತಿತ್ತು. ಆಮ್ಲ ಹೆಚ್ಚಿಸಿ ನೋಡಿದೆ, ಕಡಿಮೆ ಮಾಡಿ ನೋಡಿದೆ. ಪುಡಿಯನ್ನು ನುಣ್ಣಗೆ ಅರೆದು ನೋಡಿದೆ. ಕೊನೆಗೆ ನಾಚಿಕೆ ಬಿಟ್ಟು ಮಿಲ್ಲಿಗೇ ಹಾಕಿಸಿ ಒಂದು ದಿನ ತಿರುಗಿಸಿಯೂ ಆಯಿತು. ಅಷ್ಟಾದರೂ ತಳ ಸೇರುವುದು ತಪ್ಪಲಿಲ್ಲ. ಹೊಸಕೋಟೆಯವರು ಫೋನು ಮಾಡಿ ಯಾವಾಗ ಎಂದು ಕೇಳತೊಡಗಿದ್ದರು.

ಒಂದು ಬೆಳಿಗ್ಗೆ ಬಂದು ಬಕೆಟ್ ತೊಳೆಯಲು ಹೋದೆ. ಹಿಂದಿನ ದಿನ ಕಪ್ಪು ಗಸಿಯನ್ನು ಕೊನೆಯ ಸಲ ತೊಳೆದ ನೀರು ಅದರಲ್ಲಿತ್ತು. ಚೆಲ್ಲುವುದಕ್ಕೆಂದು ಬಗ್ಗಿಸಿದವಳು ಹಾಗೇ ನಿಂತೆ. ರಾತ್ರಿಯಿಡೀ ಅಲುಗಾಡದೆ ನಿಂತಿದ್ದ ನೀರು ಇನ್ನೂ ಕಪ್ಪಾಗಿಯೇ ಇತ್ತು. ತಳದಲ್ಲಿ ಏನೂ ಕೂತಿರಲಿಲ್ಲ. ನನಗೆ ಬೇಕಾಗಿದ್ದ ಕಣ ಅದೇ. ಎಣ್ಣೆಯಲ್ಲಿ ತೇಲಿಸಲಾರದೆ ನಾನು ಒದ್ದಾಡುತ್ತಿದ್ದುದು ನೀರಿನಲ್ಲಿ ತಾನೇ ತೇಲಿಕೊಂಡಿತ್ತು, ಅದನ್ನು ನಾನು ಇಷ್ಟು ದಿನ ಮೋರಿಗೆ ಸುರಿದಿದ್ದೆ.

ಒಂದು ಲೋಟಕ್ಕೆ ಆ ನೀರನ್ನು ತುಂಬಿದೆ. ಇನ್ನೊಂದು ಲೋಟಕ್ಕೆ ಒಳ್ಳೆಯ ನೀರು ಹಾಕಿ, ಒಣಗಿಸಿಟ್ಟಿದ್ದ ಪುಡಿಯನ್ನು ಕದಡಿದೆ. ಕೈ ತೊಳೆದು ಬರುವಷ್ಟರಲ್ಲಿ ಎರಡನೆಯ ಲೋಟ ತಿಳಿಯಾಗಿತ್ತು. ಒಂದೇ ಪಾತ್ರೆಯಲ್ಲಿ ಹುಟ್ಟಿದ ಕಣಗಳು. ನಡುವೆ ಇದ್ದ ವ್ಯತ್ಯಾಸ ಒಂದೇ, ಒಲೆ. ಒಣಗಿಸುವಾಗ ಸಣ್ಣ ಕಣಗಳು ಒಂದಕ್ಕೊಂದು ಬೆಸೆದುಕೊಂಡು ದೊಡ್ಡ ಗಂಟಾಗುತ್ತಿದ್ದವು. ಆಮೇಲೆ ಯಾವ ಮಿಲ್ಲೂ ಅವನ್ನು ಬಿಡಿಸಲಾರದು.

ಹಾಗಾದರೆ ಒಣಗಿಸುತ್ತಿದ್ದದ್ದು ಯಾಕೆ? ಮಿಲ್ಲಿನ ಕೆಲಸ ಒಣ ಪುಡಿಯಿಂದ ಶುರುವಾಗುತ್ತಿತ್ತು, ಅದಕ್ಕೆ. ನೀರಿನ ದಾರಿ ಹಿಡಿದಿದ್ದರೂ ನನ್ನ ತಲೆ ಮಿಲ್ಲಿನ ಪಕ್ಕದಲ್ಲೇ ನಿಂತಿತ್ತು. ಮುಂದಿನ ವರ್ಷಗಳಲ್ಲಿ, ನೀರನ್ನೇ ಬಿಟ್ಟು, ಕಬ್ಬಿಣದ ಸಂಯುಕ್ತವನ್ನು ಕುದಿಯುವ ಎಣ್ಣೆಯಲ್ಲಿ ಒಡೆದು ಒಂದೇ ಅಳತೆಯ ಕಣ ಬೆಳೆಸುವ ವಿಧಾನಗಳು ಬಂದವು. ಅವನ್ನು ಕಲಿಯುವಾಗಲೂ ನನಗೆ ಇದು ಕಾಣಿಸುತ್ತಿತ್ತು: ಹೊಸ ವಿಧಾನದೊಳಗೆ ಹಳೆಯದರ ಒಂದು ಅಭ್ಯಾಸ ಯಾರ ಗಮನಕ್ಕೂ ಬಾರದೆ ಉಳಿದುಕೊಂಡಿರುತ್ತದೆ. ಅದು ಯಾವುದೆಂದು ಹುಡುಕುವುದೇ ಅರ್ಧ ಕೆಲಸ.

ಅವತ್ತೇ ಒಲೆಯನ್ನು ಬಿಡಲು ತೀರ್ಮಾನಿಸಿದೆ. ಕಣಗಳು ನೀರಿನಲ್ಲಿರುವಾಗಲೇ ಅವಕ್ಕೆ ಜಿಡ್ಡಿನ ಪದರ ತೊಡಿಸಬೇಕು. ಯಜಮಾನರಿಗೆ ಎರಡೂ ಲೋಟ ತೋರಿಸಿ ಹೇಳಿದೆ. ಪಕ್ಕದಲ್ಲಿದ್ದ ಆಪರೇಟರು, "ನೀರೂ ಎಣ್ಣೇನೂ ಎಲ್ಲಾದ್ರೂ ಸೇರ್ತವಾ?" ಅಂದರು. ನಾನು, "ಅಮೋನಿಯಾ ಇದ್ರೆ ಆ ಆಮ್ಲ ಸೋಪಿನ ಥರ ಆಗಿ ನೀರಲ್ಲಿ ಕರಗುತ್ತೆ ಅಣ್ಣ," ಅಂದೆ.

ಯಜಮಾನರ ಚಿಂತೆ ಬೇರೆಯದಿತ್ತು. ಸೀಲಿಗೆ ಸೀಮೆಎಣ್ಣೆ ಆಗುವುದಿಲ್ಲ, ನಿರ್ವಾತದಲ್ಲಿ ಆವಿಯಾಗಿ ಹೋಗುತ್ತದೆ. ಕಣಗಳನ್ನು ಕೊನೆಗೆ ಆವಿಯಾಗದ ಒಂದು ಎಸ್ಟರ್ ಎಣ್ಣೆಗೆ ದಾಟಿಸಬೇಕು. ಹೊರಗಿನಿಂದ ತರಿಸಿದ್ದ ಆ ಎಣ್ಣೆ ಒಂದು ಸಣ್ಣ ಸೀಸೆಯಷ್ಟೇ ಉಳಿದಿತ್ತು. ಮಿಲ್ಲಿನಲ್ಲಿ ಅರೆದ ಮಾಲೂ ತಯಾರಾಗಿ ಕೂತಿತ್ತು.

"ಅರ್ಧ ಮಿಲ್ಲಿನ ಮಾಲಿಗೆ, ಅರ್ಧ ನಿಮ್ಮದಕ್ಕೆ. ಯಾವುದು ಚೆನ್ನಾಗಿ ಬರುತ್ತೋ ಅದನ್ನ ಕಳಿಸೋಣ," ಅಂದರು.

"ನ್ಯಾಯವಾದ ಮಾತು," ಅಂದರು ಆಪರೇಟರು. "ಈ ಸಲ ಎಂದಿಗಿಂತ ಜಾಸ್ತಿ ದಿನ ಅರ್ದಿದೀನಿ ಸಾರ್. ಮಾಲು ಚೆನ್ನಾಗೈತೆ."

ನಾನು ಒಪ್ಪಲಿಲ್ಲ. "ಮಿಲ್ಲಿನ ಮಾಲು ಎರಡು ಸಲ ವಾಪಸ್ ಬಂದಿದೆ ಸಾರ್. ಇನ್ನಷ್ಟು ಅರೆದ್ರೆ ಗುಂಡಿನ ಚೂರು ಜಾಸ್ತಿಯಾಗುತ್ತೆ, ಸೆಳೆತ ಜಾಸ್ತಿಯಾಗಲ್ಲ. ಅರ್ಧ ಎಣ್ಣೇಲಿ ನಾನು ಒಂದು ಸಲ ತಪ್ಪಿದ್ರೆ ಇನ್ನೊಂದು ಸಲಕ್ಕೆ ಉಳಿಯಲ್ಲ. ಪೂರ್ತಿ ಕೊಡಿ."

"ಪೂರ್ತಿ ಹಾಳಾದ್ರೆ?"

"ಹಾಳಾದ್ರೆ ಹೊಸಕೋಟೆಗೆ ನಾನೇ ಹೋಗಿ ಹೇಳಿ ಬರ್ತೀನಿ."

ಯಜಮಾನರು ಬೀಗದ ಕೈ ತೆಗೆದು ಸೀಸೆಯನ್ನು ನನ್ನ ಮುಂದೆ ಇಟ್ಟರು. ಆಪರೇಟರು ಅಲ್ಲಿಂದ ಎದ್ದು ಹೋದರು. ಅವತ್ತು ಮಧ್ಯಾಹ್ನ ಬುತ್ತಿಯನ್ನು ಅವರು ಹೊರಗೆ ಹುಣಸೆ ಮರದ ಕೆಳಗೆ ಒಬ್ಬರೇ ಕೂತು ತಿಂದರು. ಸಂಜೆ ನಾನು ಹೋಗಿ, "ನಿಮ್ಮ ಕೆಲಸ ಕೆಟ್ಟದು ಅಂತ ಹೇಳಲಿಲ್ಲ ಅಣ್ಣ," ಅಂದೆ.

"ಕೆಲಸ ಕೆಟ್ಟದಲ್ಲ, ಮಾಲು ಕೆಟ್ಟದು ಅಂದ್ರಿ. ನನಗೆ ಎರಡೂ ಒಂದೇ ಕೇಳಿಸ್ತದೆ," ಅಂದರು. ಆ ಮಾತು ಸರಿಯಾಗಿಯೇ ಇತ್ತು. ಆದರೂ ಮಾರನೆಯ ದಿನ ಕಲಕುವ ಹೊತ್ತಿಗೆ ಬಂದು ಕೋಲು ಹಿಡಿದರು.

ಕಪ್ಪು ಹುಟ್ಟಿದ ಕೂಡಲೇ ಪಾತ್ರೆಯನ್ನು ಬಿಸಿ ಮಾಡುತ್ತ ಓಲಿಯಿಕ್ ಆಮ್ಲ ಹನಿಸಿದೆ. ನೀರು ಇನ್ನೇನು ಕುದಿಯಬೇಕು ಅನ್ನುವ ಬಿಸಿಯಲ್ಲಿ ಹಿಡಿದಿಟ್ಟೆವು, ಹೆಚ್ಚಿನ ಅಮೋನಿಯಾ ಹೋಗುವ ತನಕ. ಆಮೇಲೆ ಸ್ವಲ್ಪ ಸ್ವಲ್ಪವೇ ನೀರು ಬೆರೆಸಿ ಸಾರ ಇಳಿಸಿದ ಇನ್ನೊಂದು ಆಮ್ಲ ಹಾಕುತ್ತ ಬಂದಾಗ, ಮಜ್ಜಿಗೆಯಿಂದ ಬೆಣ್ಣೆ ಬಿಡುವಂತೆ ಕಪ್ಪೆಲ್ಲ ಒಟ್ಟಾಗಿ ಮುದ್ದೆಯಾಯಿತು, ನೀರು ತಿಳಿಯಾಗಿ ಬೇರೆ ನಿಂತಿತು. ಆಪರೇಟರು ಕಲಕುವುದನ್ನು ಮರೆತು ನೋಡುತ್ತಿದ್ದರು. ಮುದ್ದೆಯನ್ನು ಬಿಸಿನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಹಸಿಯಾಗಿರುವಾಗಲೇ ಸೀಮೆಎಣ್ಣೆಗೆ ಹಾಕಿದೆವು. ಅದು ಶಾಯಿಯಂತೆ ಕರಗಿತು. ತಟ್ಟೆಗೆ ಸುರಿದು ಕೆಳಗೆ ಅಯಸ್ಕಾಂತ ಹಿಡಿದಾಗ ಆ ಎಣ್ಣೆಯ ಮೈಮೇಲೆ ಹಲಸಿನ ಹಣ್ಣಿನಂತೆ ಮುಳ್ಳೆದ್ದವು. ಮಿಲ್ಲಿನ ಮಾಲಿನಲ್ಲಿ ಅಂಥ ಮುಳ್ಳನ್ನು ನಾನು ಕಂಡಿರಲಿಲ್ಲ.

ಎಸ್ಟರ್ ಎಣ್ಣೆಗೆ ದಾಟಿಸುವಾಗ ಆತುರಪಟ್ಟೆ. ಅಸಿಟೋನ್ ಎಂಬ ಬೇಗ ಆರಿಹೋಗುವ ದ್ರಾವಕ ಹಾಕಿ ಕಣಗಳನ್ನು ಸೀಮೆಎಣ್ಣೆಯಿಂದ ಬಿಡಿಸಿ, ಅಯಸ್ಕಾಂತದಿಂದ ಹಿಡಿದುಕೊಂಡು, ಮೇಲಿನದನ್ನು ಬಸಿದು, ಸೀಸೆಯ ಅರ್ಧ ಎಣ್ಣೆ ಸುರಿದು ಬಿಸಿ ಮಾಡಿದೆ. ಎಣ್ಣೆ ಹೆಪ್ಪು ಹಾಕಿದ ಮೊಸರಿನಂತೆ ಗಟ್ಟಿಯಾಯಿತು. ಮುದ್ದೆಯೊಳಗೆ ನೀರಿನ ಹನಿ ಉಳಿದುಬಿಟ್ಟಿತ್ತು. ಅರ್ಧ ಸೀಸೆ ಹೋಯಿತು.

ಯಜಮಾನರು ಬಂದು ನೋಡಿದರು. "ಇನ್ನರ್ಧ ಇದೆಯಲ್ಲ," ಅಂದರು ಅಷ್ಟೇ. ಆಪರೇಟರು, ನಾನು ಹೇಳಿದ್ದೆನಲ್ಲ ಅನ್ನಬಹುದಿತ್ತು. ಅವರು ಹಾಗೆ ಅನ್ನಲಿಲ್ಲ. "ಮೊದಲ್ನಿಂದ ಹಿಡೀರಿ ಮೇಡಂ. ಕೋಲು ತೊಳ್ದು ಇಟ್ಟಿದೀನಿ," ಅಂದರು.

ಮೊದಲಿನಿಂದ ಹಿಡಿದೆವು. ಈ ಸಲ ಸೀಮೆಎಣ್ಣೆಯಲ್ಲಿರುವಾಗಲೇ ನೀರು ಪೂರ್ತಿ ಹೋಗಬೇಕೆಂದು ಕೂತೆ. ಬೆಂಕಿಯಿಲ್ಲದ ವಿದ್ಯುತ್ ಒಲೆ, ಅದರ ಮೇಲೆ ಮರಳಿನ ತಟ್ಟೆ, ಮರಳಿನ ನಡುವೆ ಪಾತ್ರೆ. ಷಟರು, ಕಿಟಕಿ ಎಲ್ಲ ತೆರೆದಿದ್ದವು. ನೀರಿನ ಹನಿ ಚಟಪಟ ಅನ್ನುವುದು ನಿಂತ ಮೇಲೂ ಕಾದೆ. ಆಮೇಲೆ ಅಸಿಟೋನಿನಲ್ಲಿ ಎರಡು ಸಲ ತೊಳೆದು, ಉಳಿದ ಎಣ್ಣೆಯನ್ನೆಲ್ಲ ಸುರಿದು, ಅಸಿಟೋನು ಆರಿಹೋಗುವ ತನಕ ನಿಧಾನವಾಗಿ ಬಿಸಿ ಮಾಡಿದೆ. ಎಣ್ಣೆ ಎಣ್ಣೆಯಾಗಿಯೇ ಉಳಿಯಿತು. ಜೇನಿನಂತೆ ಮಂದವಾಗಿ, ಕನ್ನಡಿಯಂತೆ ಹೊಳೆಯುತ್ತ ಕಪ್ಪಾಗಿತ್ತು. ಅಯಸ್ಕಾಂತದ ಮೇಲೆ ಒಂದು ವಾರ ಇಟ್ಟೆವು, ತಳದಲ್ಲಿ ಏನೂ ಕೂರಲಿಲ್ಲ.

ಹೊಸಕೋಟೆಗೆ ಸೀಲು ತೆಗೆದುಕೊಂಡು ಹೊರಟಾಗ ಆಪರೇಟರೂ ಬರಲಿ ಎಂದು ಯಜಮಾನರನ್ನು ಕೇಳಿದೆ. ದೇವನಹಳ್ಳಿ, ಸೂಲಿಬೆಲೆ ಮೇಲೆ ವ್ಯಾನಿನಲ್ಲಿ ಹೋದೆವು. ಸೀಲಿನ ಪೆಟ್ಟಿಗೆಯನ್ನು ಅವರು ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡಿದ್ದರು.

ಕುಲುಮೆಯ ಎಂಜಿನಿಯರು ಮಾತು ಕಡಿಮೆಯ ಮನುಷ್ಯ. ಸೀಲು ಕೂರಿಸಿ, ಪಂಪು ಓಡಿಸಿ, ಶಾಫ್ಟು ತಿರುಗಿಸಲು ಬಿಟ್ಟರು. ನಿರ್ವಾತ ತೋರಿಸುವ ಮುಳ್ಳು ಮೆಲ್ಲಗೆ ಇಳಿದು ಒಂದು ಕಡೆ ನಿಂತಿತು. ಆಮೇಲೆ ಕುಲುಮೆ ಕಾಯಿಸಿದರು. ಹಿಂದಿನ ಎರಡು ಸಲವೂ ಮುಳ್ಳು ಮೇಲೇರಿದ್ದು ಈ ಹಂತದಲ್ಲೇ ಎಂದು ಮೊದಲೇ ಹೇಳಿದ್ದರು. ಸೀಲಿನ ಕೊಳವೆಯ ಮೇಲೆ ಕೈಯಿಟ್ಟು ಬಿಸಿ ನೋಡಿದರು, ಮುಳ್ಳು ನೋಡಿದರು, ಮತ್ತೆ ಕೈಯಿಟ್ಟರು. ಆಪರೇಟರು ನನ್ನ ಪಕ್ಕದಲ್ಲಿ ಮುಳ್ಳಿನ ಮೇಲೆ ಕಣ್ಣಿಟ್ಟು ನಿಂತಿದ್ದರು. ಮುಳ್ಳು ಅಲ್ಲಾಡಲಿಲ್ಲ. ಬಹಳ ಹೊತ್ತು ಹಾಗೇ ನಿಂತಿದ್ದೆವು.

ಕೊನೆಗೆ ಎಂಜಿನಿಯರು ಕೈ ಒರೆಸಿಕೊಂಡು, "ಓಡ್ತಾ ಇರ್ಲಿ ಬಿಡಿ. ಬನ್ನಿ, ಊಟ ಮಾಡ್ಕೊಂಡು ಬರೋಣ," ಅಂದರು. ಕುಲುಮೆಗೆ ಬೆನ್ನು ಹಾಕಿ ನಡೆದೇಬಿಟ್ಟರು.

ಮರುವಾರ ಯಜಮಾನರು ಮಿಲ್ಲನ್ನು ಮಾರುವ ಮಾತೆತ್ತಿದರು. ಆಪರೇಟರನ್ನು ಏನು ಮಾಡುವುದೆಂದು ಅವರೇ ಯೋಚಿಸುತ್ತಿದ್ದರು. ಪಕ್ಕದ ಬಣ್ಣದ ಕಾರ್ಖಾನೆಯಲ್ಲಿ ಮಿಲ್ಲಿನ ಕೆಲಸವಿದೆಯಂತೆ, ಹೇಳಿ ನೋಡಲೇ ಎಂದು ಕೇಳಿದರು.

"ಅವರು ಹೋದ್ರೆ ಈ ಎಣ್ಣೆ ಮಾಡೋದಕ್ಕೆ ನನ್ನಿಂದ ಆಗಲ್ಲ ಸಾರ್," ಅಂದೆ. "ಸುರಿಯೋರು ಒಬ್ಬರು, ಕಲಕೋರು ಒಬ್ಬರು. ಇದು ಇಬ್ಬರ ಕೆಲಸ. ನಾನು ಮುಲಾಜಿಗೆ ಹೇಳ್ತಾ ಇಲ್ಲ."

ಯಜಮಾನರು ನನ್ನ ಮುಖ ನೋಡಿದರು. "ಅವರಿಗೆ ಇಷ್ಟವಿರಬೇಕಲ್ಲಮ್ಮ. ಕೇಳಿ," ಅಂದರು.

ಕೇಳಿದೆ. ಆಪರೇಟರು ಒಂದು ದಿನ ಯೋಚಿಸುತ್ತೇನೆ ಅಂದರು. ಮಾರನೆಯ ಬೆಳಿಗ್ಗೆ ನಾನು ಬರುವ ಮುಂಚೆಯೇ ಬಂದು, ನನ್ನ ಮೇಜಿನ ಎದುರು ಸ್ಟೂಲು ಎಳೆದುಕೊಂಡು ಕೂತಿದ್ದರು. ಇಷ್ಟು ವರ್ಷದಲ್ಲಿ ಅವರು ಆ ಕೋಣೆಯಲ್ಲಿ ಕೂತದ್ದನ್ನು ನಾನು ನೋಡಿರಲಿಲ್ಲ.

"ಇರ್ತೀನಿ ಮೇಡಂ. ಆದ್ರೆ ಕಲಕು ಅಂದ್ರೆ ಕಲಕೋದು, ನಿಲ್ಸು ಅಂದ್ರೆ ನಿಲ್ಸೋದು, ಅದು ಬೇಡ. ಮಿಲ್ಲಲ್ಲಿ ಏನಾಗ್ತದೆ ಅಂತ ನನಗೆ ಗೊತ್ತಿತ್ತು. ಸದ್ದು ಕೇಳಿ ಹೇಳ್ತಿದ್ದೆ. ಇದರಲ್ಲಿ ನನಗೆ ಕಣ್ಣು ಕಟ್ಟಿದಂಗೆ ಆಗ್ತದೆ. ಹಸಿರು, ಹಳದಿ ಎರಡೂ ಸೇರಿದ್ರೆ ಕಪ್ಪು ಯಾಕಾಗ್ತದೆ, ಅದು ಹೇಳಿಕೊಡಿ."

ನಾನು ಹೇಳಲು ಶುರು ಮಾಡಿ ಮೊದಲ ವಾಕ್ಯದಲ್ಲೇ ನಿಂತೆ. ಇದನ್ನು ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಯಾರಿಗೂ ಹೇಳಿದವಳಲ್ಲ, ನನಗೆ ನಾನೇ ಕೂಡ ಹೇಳಿಕೊಂಡಿರಲಿಲ್ಲ. ಅವರು ಕಾಯುತ್ತ ಕೂತಿದ್ದರು, ಅವಸರ ತೋರಿಸಲಿಲ್ಲ. ಎರಡು ಲೋಟ ತೆಗೆದು, ಒಂದರಲ್ಲಿ ಅನ್ನಭೇದಿ, ಒಂದರಲ್ಲಿ ಫೆರಿಕ್ ಕ್ಲೋರೈಡ್ ಕರಗಿಸಿ ಅವರ ಮುಂದಿಟ್ಟೆ.

"ಎರಡೂ ಕಬ್ಬಿಣವೇ ಅಣ್ಣ," ಅಂದೆ. "ಈ ಹಸಿರು ಇದೆಯಲ್ಲ, ಇದು ಗಾಳಿ ಕಂಡರೆ ಹೆದರೋ ಕಬ್ಬಿಣ. ಈ ಹಳದಿ ಆಗಲೇ ಹೆದರಿ ಮುಗಿಸಿರೋದು."

ಅವರು ಹಸಿರು ಲೋಟವನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, ಅದರ ಮೇಲೆ ತಮ್ಮ ಅಂಗೈ ಮುಚ್ಚಿದರು.

"ಸರಿ. ಮುಂದಕ್ಕೆ ಹೇಳಿ."